ಕುಡಿ ಸುಡುವ ಆಲ್ಕೊಹಾಲು



ಹೋದ ಮುಂಗಾರಿನ ಮಾತು. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಹಾರನಹಳ್ಳಿ ಹೋಬಳಿಯಲ್ಲಿ ಹೊಗೆಸೊಪ್ಪಿನ ಗಿಡಗಳು ಎದೆಮಟ್ಟ ಬಂದು, ನೆತ್ತಿಯಲ್ಲಿ ತಿಳಿಗೆಂಪು ಹೂವು ತೋರುವ ಹೊತ್ತು. ನಮ್ಮ ಬದುವಿನ ಆಚೆ ಒಬ್ಬ ಹುಡುಗ ಬಕೆಟ್ಟಿನಲ್ಲಿ ಹಾಲಿನಂಥದೇನನ್ನೋ ಕಲಕುತ್ತಿದ್ದ. ಪಕ್ಕದಲ್ಲಿ ಐದು ಲೀಟರಿನ ಬಿಳಿ ಕ್ಯಾನು. ನನ್ನನ್ನು ಕಂಡವನೇ ಕೇಳಿದ: "ಮೇಷ್ಟ್ರೇ, ಇದ್ರ ಮ್ಯಾಲೆ ಫ್ಯಾಟಿ ಆಲ್ಕೋಹಾಲ್ ಅಂತ ಬರ್ದವ್ರೆ. ಕುಡುದ್ರೆ ಏರ್ತದಾ?"

"ಏರಾಕಿಲ್ಲ ಕಣಪ್ಪ. ಗಂಟ್ಲು ಹೊಟ್ಟೆ ಸುಡ್ತದೆ ಅಷ್ಟೆ" ಅಂದೆ.

"ಹಂಗಾರೆ ಆಲ್ಕೋಹಾಲ್ ಅಂತ ಯಾಕ್ ಬರ್ದವ್ರೆ?"

ಪಿಯು ಹುಡುಗರಿಗೆ ವರ್ಷಾನುಗಟ್ಟಲೆ ರಸಾಯನಶಾಸ್ತ್ರ ಹೇಳಿದವನು ನಾನು. ಮೊನೊಹೈಡ್ರಿಕ್, ಡೈಹೈಡ್ರಿಕ್, ಪ್ರೈಮರಿ, ಸೆಕೆಂಡರಿ ಎಂದು ಬೋರ್ಡಿನ ತುಂಬ ಬರೆದು ಅಳಿಸಿದ್ದೇನೆ. ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ಬದುವಿನ ಮೇಲೆ ನಿಂತು ಅವನಿಗೆ ಅರ್ಧಂಬರ್ಧ ಹೇಳಿದೆ. ಉಳಿದರ್ಧವನ್ನು ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಆಲ್ಕೊಹಾಲ್ ಎನ್ನುವುದು ಒಂದು ಮನೆತನದ ಹೆಸರು. ಗೌಡರ ಮನೆಯವರೆಲ್ಲ ಒಂದೇ ಥರ ಇರುತ್ತಾರೆಯೇ? ಇವರೂ ಹಾಗೆಯೇ. ಸಾರಾಯಿಯಲ್ಲಿ ಇರುವವನು ಆ ಮನೆಯ ಒಬ್ಬ ಮಗ, ಎಥನಾಲ್. ಊರಿಗೆಲ್ಲ ಅವನೊಬ್ಬನೇ ಗೊತ್ತು, ಹಾಗಾಗಿ ಮನೆತನದ ಹೆಸರು ಅವನಿಗೇ ಅಂಟಿಕೊಂಡಿದೆ. ಹೆಸರಿನ ಕತೆಯೂ ತಮಾಷೆಯದು. ಅರಬ್ಬಿಯಲ್ಲಿ ಅಲ್-ಕುಹ್ಲ್ ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ, ನುಣ್ಣನೆಯ ಕಪ್ಪು ಪುಡಿ. ಆ ಮಾತು ಯುರೋಪಿಗೆ ಹೋಗಿ, ಮೊದಲು ಯಾವುದೇ ನುಣುಪು ಪುಡಿಗೆ, ಆಮೇಲೆ ಯಾವುದೇ ವಸ್ತುವಿನಿಂದ ತೆಗೆದ ಸಾರಕ್ಕೆ, ಕೊನೆಗೆ 16ನೇ ಶತಮಾನದ ಹೊತ್ತಿಗೆ ದ್ರಾಕ್ಷಿ ಮದ್ಯದ ಸಾರಕ್ಕೆ ಹೆಸರಾಯಿತು. ಕಣ್ಣಿಗೆ ಚೆಂದ ಕೊಡುವ ವಸ್ತುವಿನ ಹೆಸರು ಹೊತ್ತ ಮನೆಯಲ್ಲಿ ಕಣ್ಣು ತೆಗೆಯುವವನೂ ಒಬ್ಬ ಹುಟ್ಟಿದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮನೆತನದ ಗುರುತು ಏನು? ಒಂದು ಆಮ್ಲಜನಕ, ಅದಕ್ಕೆ ಅಂಟಿದ ಒಂದು ಜಲಜನಕ. ಈ ಜೋಡಿಯನ್ನು ಓಹೆಚ್ ಎಂದು ಬರೆಯುತ್ತೇವೆ. ಇದು ಇಂಗಾಲದ ಸರಪಳಿಯೊಂದಕ್ಕೆ ಕಟ್ಟಿಕೊಂಡಿದ್ದರೆ ಅದು ಆಲ್ಕೊಹಾಲ್. ಓಹೆಚ್ ತಲೆ, ಇಂಗಾಲದ ಸರಪಳಿ ಬಾಲ ಎಂದುಕೊಳ್ಳಿ. ತಲೆ ನೀರಿನ ನೆಂಟ, ಬಾಲ ಎಣ್ಣೆಯ ನೆಂಟ. ಬಾಲ ಗಿಡ್ಡವಿದ್ದರೆ ತಲೆಯ ಮಾತು ನಡೆಯುತ್ತದೆ, ಉದ್ದವಿದ್ದರೆ ಬಾಲದ್ದು. ಇಂಗಾಲ ಒಂದಿದ್ದರೆ ಮೆಥನಾಲ್, ಎರಡಿದ್ದರೆ ಎಥನಾಲ್, ಮೂರಿದ್ದರೆ ಪ್ರೊಪನಾಲ್. ಈ ಮೂರೂ ನೀರಿನೊಡನೆ ಹೇಗೆ ಬೇಕಾದರೂ ಬೆರೆಯುತ್ತವೆ. ನಾಲ್ಕು ಇಂಗಾಲದ ಬ್ಯುಟನಾಲ್‌ಗೆ ಬರುವಷ್ಟರಲ್ಲಿ ಬೆರೆಯಲು ಬಿಗುಮಾನ. ಹತ್ತು ಇಂಗಾಲಕ್ಕೆ ಬಂದರೆ ನೀರಿನ ಮೇಲೆ ಎಣ್ಣೆಯಂತೆ ತೇಲುತ್ತದೆ. ಆ ಹತ್ತು ಇಂಗಾಲದವನೇ ಡೆಕನಾಲ್, ನಮ್ಮ ಹುಡುಗನ ಕ್ಯಾನಿನಲ್ಲಿ ಇದ್ದವನು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆಯ ಬೆಳೆಗಾರರಿಗೆ ನಾನು ಹೊಗೆಸೊಪ್ಪಿನ ಪಾಠ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಗಿಡ ಹೂವಿಗೆ ಬಂದಾಗ ಅದರ ತುದಿ ಕುಡಿಯನ್ನು ಮುರಿಯುತ್ತೇವೆ. ಹೂವಿಗೂ ಬೀಜಕ್ಕೂ ಹೋಗುವ ಸತ್ವ ಎಲೆಗೆ ಇಳಿಯಲಿ, ಎಲೆ ದಪ್ಪವಾಗಲಿ, ತೂಕ ಬರಲಿ ಎಂದು. ಆದರೆ ಗಿಡ ಸುಮ್ಮನೆ ಕೂರುವುದಿಲ್ಲ. ತುದಿಯ ಮೊಗ್ಗು ಇರುವವರೆಗೆ ಅಲ್ಲಿಂದ ಇಳಿಯುವ ಆಕ್ಸಿನ್ ಎಂಬ ರಸ ಕೆಳಗಿನ ಮೊಗ್ಗುಗಳನ್ನು ಅದುಮಿ ಹಿಡಿದಿರುತ್ತದೆ. ಯಜಮಾನನ ತಲೆ ಹೋದದ್ದೇ ತಡ, ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಮರಿ ಕುಡಿ ಎದ್ದು ನಿಲ್ಲುತ್ತದೆ. ಬಿಟ್ಟರೆ ಎಲೆಗೆ ಬರಬೇಕಾದ್ದನ್ನೆಲ್ಲ ಅವೇ ಉಂಡುಬಿಡುತ್ತವೆ. ಕೈಯಲ್ಲಿ ಚಿವುಟಿದರೆ ವಾರಕ್ಕೆ ಮತ್ತೆ ಹಾಜರು. ಚಿವುಟುವ ಹೆಂಗಸರ ಅಂಗೈಗೆ ಅಂಟಿನ ಮೇಲೆ ಅಂಟು, ಒದ್ದೆ ಎಲೆಯಿಂದ ಮೈಗೆ ಇಳಿದ ನಿಕೋಟಿನ್‌ನಿಂದ ತಲೆಸುತ್ತು, ವಾಕರಿಕೆ.

ಇಲ್ಲಿ ಡೆಕನಾಲ್ ಕೆಲಸಕ್ಕೆ ಬರುತ್ತದೆ. ನೀರಿನಲ್ಲಿ ಕರಗದ ಇದನ್ನು ಸೋಪಿನ ಜಾತಿಯ ಒಂದು ಪದಾರ್ಥ ಸೇರಿಸಿ ಕಲಕಿದರೆ ಸಣ್ಣ ಸಣ್ಣ ಹನಿಯಾಗಿ ನೀರಲ್ಲಿ ಹರಡಿ ಹಾಲಿನಂತಾಗುತ್ತದೆ. ಹುಡುಗ ಬಕೆಟ್ಟಿನಲ್ಲಿ ಕಲಕುತ್ತಿದ್ದದ್ದು ಅದನ್ನೇ. ಕುಡಿ ಮುರಿದ ನೆತ್ತಿಯಿಂದ ಒಂದೆರಡು ಚಮಚದಷ್ಟನ್ನು ಕಾಂಡದ ಗುಂಟ ಇಳಿಬಿಡುತ್ತಾರೆ. ಅದು ಹರಿದು ಪ್ರತಿ ಕಂಕುಳಲ್ಲೂ ಒಂದಿಷ್ಟು ನಿಂತು ಮುಂದಕ್ಕೆ ಹೋಗುತ್ತದೆ. ಎಳೆ ಮೊಗ್ಗಿನ ಜೀವಕೋಶಗಳ ಗೋಡೆಯ ಒಳಗೊಂದು ಕೊಬ್ಬಿನ ಪೊರೆ ಇದೆಯಲ್ಲ, ಡೆಕನಾಲಿನ ಎಣ್ಣೆ ಬಾಲ ಅದರೊಳಕ್ಕೆ ನುಗ್ಗುತ್ತದೆ. ಪೊರೆ ಸಡಿಲಗೊಂಡು ಕೋಶದ ನೀರೆಲ್ಲ ಸೋರಿ, ಕೆಲವೇ ಗಂಟೆಯಲ್ಲಿ ಮೊಗ್ಗು ಕಂದು ಬಣ್ಣಕ್ಕೆ ತಿರುಗಿ ಕರಟುತ್ತದೆ. ಬಲಿತ ಎಲೆಯ ಮೇಲೆ ಮೇಣದ ಹೊದಿಕೆ ದಪ್ಪ, ಹಾಗಾಗಿ ಅದು ಬಚಾವು. ಬಾಲ ಇನ್ನೂ ಗಿಡ್ಡವಿದ್ದಿದ್ದರೆ ನೀರಿನೊಡನೆ ಹರಿದು ಹೋಗುತ್ತಿತ್ತು. ಇನ್ನೂ ಉದ್ದವಿದ್ದಿದ್ದರೆ ಮೇಣದಂತೆ ಹೆಪ್ಪುಗಟ್ಟಿ ಒಳಗೆ ಇಳಿಯುತ್ತಲೇ ಇರಲಿಲ್ಲ. ಎಂಟು ಹತ್ತು ಇಂಗಾಲದ ಆಸುಪಾಸಿನಲ್ಲೇ ಈ ಗುಣ ಕುದುರುವುದು. ಆದರೆ ಅಳತೆ ಮೀರಿ ಗಟ್ಟಿ ಮಾಡಿದರೆ ಎಲೆಯೂ ಸುಡುತ್ತದೆ. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರು ಹೇಳಿದ ಅಳತೆಯನ್ನು ಮೀರಿ "ಇನ್ನೊಂದು ಸ್ವಲ್ಪ ಇರ್ಲಿ" ಎಂದು ಸುರಿಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅಡುಗೆಗೆ ಉಪ್ಪು ಹಾಕುವಾಗ ಇರುವ ಜಾಗ್ರತೆ ಹೊಲಕ್ಕೆ ಹೋದಾಗ ಎಲ್ಲಿಗೆ ಹೋಗುತ್ತದೋ!

ಇದೇ ಉದ್ದನೆಯ ಬಾಲದವರಲ್ಲಿ ಇನ್ನಿಬ್ಬರ ಹೆಸರು ಹೇಳಿ ಮುಂದೆ ಹೋಗುತ್ತೇನೆ. ಹದಿನಾರು ಇಂಗಾಲದ ಸಿಟೈಲ್ ಆಲ್ಕೊಹಾಲ್ ಮುಟ್ಟಿದರೆ ಮೇಣ, ನಿಮ್ಮ ಮುಖದ ಕ್ರೀಮನ್ನು ಗಟ್ಟಿಯಾಗಿ ನಿಲ್ಲಿಸುವುದು ಇದೇ. 1950ರ ದಶಕದಲ್ಲಿ ಆಸ್ಟ್ರೇಲಿಯಾದವರು ಇದನ್ನು ಕೆರೆ ಜಲಾಶಯಗಳ ಮೇಲೆ ಹರಡಿ ನೋಡಿದರು. ತಲೆ ನೀರಿನಲ್ಲಿ, ಬಾಲ ಮೇಲಕ್ಕೆ. ಒಂದೇ ಅಣುವಿನ ದಪ್ಪದ ಹೊದಿಕೆ. ಬಿಸಿಲಿಗೆ ನೀರು ಆವಿಯಾಗುವುದು ಇದರಿಂದ ಕಡಿಮೆಯಾಗುತ್ತದೆ. ಗಾಳಿ ಬೀಸಿದರೆ ಮಾತ್ರ ಹೊದಿಕೆ ಹರಿದು ದಡ ಸೇರುತ್ತದೆ. ಆಷಾಢದ ಗಾಳಿಯಲ್ಲಿ ನಮ್ಮ ಕಬಿನಿ ಹಿನ್ನೀರಿನ ಅಲೆ ನೋಡಿದವರಿಗೆ ಆ ಉಪಾಯ ಇಲ್ಲಿ ಎಷ್ಟು ಹೊತ್ತು ನಿಂತೀತು ಎಂದು ಹೇಳಬೇಕಿಲ್ಲ.

ಇನ್ನೊಬ್ಬ ಟ್ರಯಕಾಂಟನಾಲ್. ಮೂವತ್ತು ಇಂಗಾಲ. ಅಮೆರಿಕದ ಮಿಷಿಗನ್‌ನಲ್ಲಿ ಸ್ಟಾನ್ಲಿ ರೀಸ್ ಎಂಬ ವಿಜ್ಞಾನಿ, ಕುದುರೆ ಮಸಾಲೆ ಸೊಪ್ಪನ್ನು ಕತ್ತರಿಸಿ ಮಣ್ಣಿಗೆ ಹಾಕಿದ ಕಡೆ ಬೆಳೆ ಹೆಚ್ಚು ಹುಲುಸಾಗಿದ್ದದ್ದನ್ನು ಕಂಡು, ಕಾರಣ ಹುಡುಕುತ್ತ ಹೋಗಿ 1977ರಲ್ಲಿ ಇದನ್ನು ಹಿಡಿದರು. ಈಗ ಗೊಬ್ಬರದಂಗಡಿಯಲ್ಲಿ ಬೆಳವಣಿಗೆಯ ಟಾನಿಕ್ಕಾಗಿ ಬಾಟಲಿಯಲ್ಲಿ ಸಿಗುತ್ತದೆ. ಅದಕ್ಕೂ ಎಷ್ಟೋ ಮೊದಲೇ ಅದು ನಮ್ಮ ಕಾಡಿನಲ್ಲಿ ಇತ್ತು. ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರು ಹಿಂಡಿ ಬದಿಗಿಟ್ಟ ಜೇನುಮೇಣದಲ್ಲಿ ಈ ಆಲ್ಕೊಹಾಲು ಕೊಬ್ಬಿನ ಆಮ್ಲದೊಡನೆ ಕೂಡಿಕೊಂಡು ಕೂತಿರುತ್ತದೆ. ಒಂದು ಆಲ್ಕೊಹಾಲು ಕುಡಿಯನ್ನು ಸುಡುತ್ತದೆ, ಇನ್ನೊಂದು ಕುಡಿಯನ್ನು ಏಳಿಸುತ್ತದೆ. ಇಬ್ಬರ ತಲೆಯೂ ಒಂದೇ, ಬಾಲ ಬೇರೆ.

ಇನ್ನು ಪರೀಕ್ಷೆಯಲ್ಲಿ ಮಕ್ಕಳು ತಡಬಡಾಯಿಸುವ ವಿಂಗಡಣೆ. ಓಹೆಚ್ ಕೂತ ಇಂಗಾಲಕ್ಕೆ ಎಷ್ಟು ಇಂಗಾಲದ ನೆರೆಮನೆ ಇದೆ ಎಂದು ನೋಡಿ. ಬೀದಿಯ ಕೊನೆಮನೆಯಾದರೆ ನೆರೆ ಒಂದೇ, ಅದು ಪ್ರೈಮರಿ. ಎಥನಾಲ್, ಡೆಕನಾಲ್ ಇಂಥವು. ಬೀದಿಯ ನಡುಮನೆಯಾದರೆ ಆಚೀಚೆ ಎರಡು, ಅದು ಸೆಕೆಂಡರಿ. ಕೊರೊನಾ ಕಾಲದಲ್ಲಿ ಕೈಗೆ ಹಾಕಿಕೊಂಡ ಐಸೊಪ್ರೊಪೈಲ್ ಆಲ್ಕೊಹಾಲ್, ನೋವಿನ ಮುಲಾಮಿನ ಮೆಂಥಾಲ್ ಈ ಬಗೆಯವು. ಮೂರು ದಾರಿ ಕೂಡುವ ಮೂಲೆಮನೆಯಾದರೆ ನೆರೆ ಮೂರು, ಅದು ಟರ್ಷಿಯರಿ. ಇದಕ್ಕೆ ಉದಾಹರಣೆ ಬೇಕಾದರೆ ಪ್ರಯೋಗಶಾಲೆಗೆ ಹೋಗಬೇಡಿ, ಒಗ್ಗರಣೆ ಡಬ್ಬಿ ತೆಗೆಯಿರಿ. ಕೊತ್ತಂಬರಿ ಬೀಜ ಹುರಿದಾಗ ಬರುವ ಪರಿಮಳದಲ್ಲಿ ದೊಡ್ಡ ಪಾಲು ಲಿನಲೂಲ್ ಎಂಬ ಟರ್ಷಿಯರಿ ಆಲ್ಕೊಹಾಲಿನದು. ಈ ವಿಂಗಡಣೆ ಅಂಕಕ್ಕಾಗಿ ಮಾತ್ರ ಹುಟ್ಟಿದ್ದೂ ಅಲ್ಲ. ಕೊನೆಮನೆಯವನು ಆಮ್ಲಜನಕದ ಕೈಗೆ ಸಿಕ್ಕರೆ ಮೊದಲು ಆಲ್ಡಿಹೈಡ್ ಆಗಿ, ಆಮೇಲೆ ಆಮ್ಲವಾಗುತ್ತಾನೆ. ನಡುಮನೆಯವನು ಕೀಟೋನಾಗಿ ನಿಲ್ಲುತ್ತಾನೆ. ಮೂಲೆಮನೆಯವನು ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

ಮೈಸೂರು ಸೀಮೆಯವರಾಗಿ ಈ ಮನೆತನದಲ್ಲಿ ನಾವು ಹೆಮ್ಮೆಪಡಬೇಕಾದ ಹೆಸರು ಸ್ಯಾಂಟಲಾಲ್. ಶ್ರೀಗಂಧದೆಣ್ಣೆಯಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸು ಇರುವುದು ಇದೇ. ಹದಿನೈದು ಇಂಗಾಲದ ಆಲ್ಕೊಹಾಲು, ಆಲ್ಫಾ ಬೀಟಾ ಎಂದು ಎರಡು ಅವತಾರ. ಮೊದಲ ಮಹಾಯುದ್ಧ ಶುರುವಾಗಿ ಗಂಧದ ಕೊರಡುಗಳು ಹೊರದೇಶಕ್ಕೆ ಹೋಗದೆ ಇಲ್ಲೇ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಎಣ್ಣೆಯನ್ನು ನಾವೇ ಬಟ್ಟಿ ಇಳಿಸುವ ಕೆಲಸ ಮೊದಲಾಯಿತು. ಬೆಂಗಳೂರಿನ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ವಿಧಾನ ಕಂಡುಕೊಟ್ಟರು. 1916ರಲ್ಲಿ ಎಣ್ಣೆ ಬಂತು, ಮೈಸೂರಿನಲ್ಲಿ ಕಾರ್ಖಾನೆಯೂ ಎದ್ದಿತು. ಗಂಧದ ಪರಿಮಳ ಯಾಕೆ ಅಷ್ಟು ಹೊತ್ತು ನಿಲ್ಲುತ್ತದೆ ಎಂದರೆ, ಅಷ್ಟು ದೊಡ್ಡ ಅಣು ಸುಲಭವಾಗಿ ಆವಿಯಾಗುವುದಿಲ್ಲ. ಹಗುರ ಪರಿಮಳಗಳು ಹಾರಿಹೋದ ಮೇಲೂ ಸ್ಯಾಂಟಲಾಲ್ ಬಟ್ಟೆಯಲ್ಲಿ ಉಳಿದಿರುತ್ತದೆ. ಅಜ್ಜಿಯ ಪೆಟ್ಟಿಗೆಯ ಸೀರೆಯಲ್ಲಿ ನಲವತ್ತು ವರ್ಷ ಕುಳಿತ ಆಲ್ಕೊಹಾಲಿಗೆ ಯಾರೂ ಕುಡುಕನೆಂದು ಹೆಸರಿಟ್ಟಿಲ್ಲ.

ಎಥನಾಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವನ ಪ್ರಚಾರ ಅವನೇ ಮಾಡಿಕೊಳ್ಳುತ್ತಾನೆ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಯೀಸ್ಟ್ ಹಾಕಿ ಹುಳಿ ಬರಿಸಿ ಬಟ್ಟಿ ಇಳಿಸುವುದು ಅವನ ಜನ್ಮವೃತ್ತಾಂತ. ಎಷ್ಟು ಸಲ ಬಟ್ಟಿ ಇಳಿಸಿದರೂ ನೂರಕ್ಕೆ ನಾಲ್ಕೂ ಚಿಲ್ಲರೆ ಪಾಲು ನೀರು ಅವನನ್ನು ಬಿಡುವುದಿಲ್ಲ. ಅದನ್ನು ಬೇರೆ ಉಪಾಯದಿಂದ ಹೀರಿ ತೆಗೆದರೆ ಪೆಟ್ರೋಲಿಗೆ ಬೆರೆಸಬಹುದು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಅವನದಾಗಿದೆ. ಅಂದರೆ ಮಂಡ್ಯ, ಕೃಷ್ಣರಾಜನಗರದ ಕಡೆಯ ಕಬ್ಬಿನ ಗದ್ದೆಗೂ ನಿಮ್ಮ ಸ್ಕೂಟರಿಗೂ ಈಗ ನೆಂಟಸ್ತಿಕೆ. ಇನ್ನೊಂದು ಮಾತು. ಕೈ ಶುಚಿಗೆ 95 ಪಾಲಿನ ಗಟ್ಟಿ ಸ್ಪಿರಿಟ್ಟಿಗಿಂತ 70, 80 ಪಾಲಿನದು ಮೇಲು. ಕ್ರಿಮಿಯ ಪ್ರೋಟೀನ್ ಕೆಡಿಸಲು ಒಂದಿಷ್ಟು ನೀರೂ ಬೇಕು, ಬೇಗ ಆರಿಹೋಗಲೂ ಬಾರದು.

ಈಗ ಕಣ್ಣು ತೆಗೆಯುವವನು. ಮೆಥನಾಲ್, ಮನೆಯ ಅತಿ ಕಿರಿಯ, ಒಂದೇ ಇಂಗಾಲ. ಇವನ ಹಳೆಯ ಹೆಸರು ಕಟ್ಟಿಗೆ ಸ್ಪಿರಿಟ್. ಹೊಗೆಸೊಪ್ಪು ಹದಗೊಳಿಸುವ ನಮ್ಮ ಬ್ಯಾರನ್ನುಗಳಲ್ಲಿ ಸೌದೆ ಗಾಳಿಯಲ್ಲಿ ಉರಿದು ಹೊಗೆಯಾಗಿ ಹೋಗುತ್ತದೆ. ಅದೇ ಸೌದೆಯನ್ನು ಗಾಳಿಯಾಡದ ಕಬ್ಬಿಣದ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಒಳಗೆ ಇದ್ದಿಲು ಉಳಿಯುತ್ತದೆ. ಹೊರಬಂದ ಹೊಗೆಯನ್ನು ತಣಿಸಿದರೆ ಟಾರು, ಅಸಿಟಿಕ್ ಆಮ್ಲ, ಮೆಥನಾಲ್ ಸಿಗುತ್ತವೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ನಮ್ಮ ಭದ್ರಾವತಿ. 1923ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಇದ್ದಿಲು ಬೇಕಿತ್ತು. ಮಲೆನಾಡಿನ ಕಾಡಿನ ಮರವನ್ನು ಹೀಗೆ ಬಟ್ಟಿ ಇಳಿಸಿ, ಇದ್ದಿಲನ್ನು ಕುಲುಮೆಗೆ ಹಾಕಿ, ಮೆಥನಾಲನ್ನು ಪೀಪಾಯಿಗೆ ತುಂಬುವ ಘಟಕ ಅಲ್ಲಿತ್ತು. ಈಗ ಲೋಕದಲ್ಲಿ ಮೆಥನಾಲ್ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಬರುತ್ತದೆ. ಪ್ಲಾಸ್ಟಿಕ್, ಪ್ಲೈವುಡ್ಡಿನ ಅಂಟು, ಬಣ್ಣ, ಔಷಧ ಎಲ್ಲಕ್ಕೂ ಅದು ಬೇಕು. ಹೊಂಗೆ ಎಣ್ಣೆಯನ್ನು ಡೀಸೆಲ್ ಮಾಡಲೂ ಅದೇ ಬೇಕು. ಹಾಸನದ ಬಳಿ ಮಡೆನೂರಿನ ಜೈವಿಕ ಇಂಧನ ಉದ್ಯಾನಕ್ಕೆ ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎಣ್ಣೆಗೆ ಮೆಥನಾಲ್ ಸೇರಿಸಿ, ಒಂದಿಷ್ಟು ಕ್ಷಾರ ಹಾಕಿ ಕಾಯಿಸಿ ಬಿಟ್ಟರೆ, ಮೇಲೆ ತಿಳಿಯಾದ ಜೈವಿಕ ಡೀಸೆಲ್, ತಳದಲ್ಲಿ ಮಂದವಾದ ಗ್ಲಿಸರಿನ್. ಒಂದು ತಲೆಯ ಆಲ್ಕೊಹಾಲು ಮೂರು ತಲೆಯ ಆಲ್ಕೊಹಾಲನ್ನು ಎಣ್ಣೆಯಿಂದ ಎಬ್ಬಿಸಿ, ತಾನು ಅಲ್ಲಿ ಕೂರುತ್ತದೆ.

ಗ್ಲಿಸರಿನ್ ಈ ಮನೆಯ ಸಾಧು. ಮೂರು ಇಂಗಾಲ, ಮೂರು ಓಹೆಚ್. ಮೂರೂ ತಲೆ ನೀರನ್ನೂ ಹಿಡಿದುಕೊಳ್ಳುತ್ತವೆ, ಅಕ್ಕಪಕ್ಕದ ಅಣುಗಳ ತಲೆಗಳನ್ನೂ ಹಿಡಿದುಕೊಳ್ಳುತ್ತವೆ; ಹಾಗಾಗಿ ಮಂದ, ಕುದಿಯಲು 290 ಡಿಗ್ರಿ ಬೇಕು. ರುಚಿ ಸಿಹಿ. ಒಡೆದ ಹಿಮ್ಮಡಿಗೆ ಹಚ್ಚುತ್ತೇವೆ, ಕೆಮ್ಮಿನ ಸಿರಪ್ಪಿಗೆ ಹಾಕುತ್ತೇವೆ. ನಾವು ಬೆಳೆದ ಹೊಗೆಸೊಪ್ಪು ಸಿಗರೇಟಿನೊಳಗೆ ಒಣಗಿ ಪುಡಿಯಾಗದಂತೆ ಕಾಯುವುದರಲ್ಲೂ ಇದರ ಕೈಯಿದೆ. ಅದು ಒಳ್ಳೆಯ ಕೆಲಸವೋ ಕೆಟ್ಟದ್ದೋ ಎಂದು ಹೊಗೆಸೊಪ್ಪಿನ ದುಡ್ಡಿನಲ್ಲಿ ಓದಿದ ನಾನು ಹೇಳಲು ಹೋದರೆ ನೀವು ನಕ್ಕುಬಿಟ್ಟೀರಿ. ಈ ಸಾಧುವಿನ ವೇಷದಲ್ಲಿ ಬಂದು ಕೊಲ್ಲುವವರೂ ಇದ್ದಾರೆ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್, ಅದರ ತಮ್ಮ ಡೈಎಥಿಲೀನ್ ಗ್ಲೈಕಾಲ್ ಕೂಡ ಹೀಗೆಯೇ ಮಂದ, ಹೀಗೆಯೇ ಸಿಹಿ. ಹೊಟ್ಟೆಗೆ ಹೋದರೆ ಮೂತ್ರಪಿಂಡ ಮುಗಿಯಿತು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಔಷಧವೆಂದು ಕೊಟ್ಟ ಗ್ಲಿಸರಿನ್ ಹೀಗೆ ಕಲಬೆರಕೆಯಾಗಿ 14 ಜನ ಸತ್ತರು.

ಮೆಥನಾಲಿಗೆ ವಾಪಸು ಬರೋಣ. ನೋಡಲು, ಮೂಸಲು ಎಥನಾಲಿನ ತದ್ರೂಪ. ನಾಲಿಗೆಗೂ ಗೊತ್ತಾಗುವುದಿಲ್ಲ. ಮೈಯೊಳಗೆ ಯಕೃತ್ತಿಗೂ ಗೊತ್ತಾಗುವುದಿಲ್ಲ, ದುರಂತ ಅಲ್ಲೇ ಇದೆ. ಎಥನಾಲನ್ನು ಅರಗಿಸುವ ಕಿಣ್ವವೇ ಇದನ್ನೂ ಕೈಗೆತ್ತಿಕೊಳ್ಳುತ್ತದೆ. ಕೊನೆಮನೆಯವನು ಆಲ್ಡಿಹೈಡ್ ಆಗಿ ಆಮ್ಲವಾಗುತ್ತಾನೆ ಎಂದೆನಲ್ಲ, ಅದೇ ದಾರಿ. ಎಥನಾಲ್ ಹೀಗೆ ಹೋದರೆ ಕೊನೆಗೆ ಸಿಗುವುದು ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ, ಮೈ ಅದನ್ನು ತಾಳಿಕೊಳ್ಳುತ್ತದೆ. ಮೆಥನಾಲ್ ಹೋದರೆ ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ, ಮರದ ಚಗಳಿ ಇರುವೆ ಎರಚುವ ಅದೇ ಆಮ್ಲ. ಅದು ಕಣ್ಣಿನ ನರವನ್ನು ತಿನ್ನುತ್ತದೆ. ಕುಡಿದ ಕೂಡಲೇ ಏನೂ ಅನ್ನಿಸುವುದಿಲ್ಲ. ಅರ್ಧ ದಿನ, ಒಂದು ದಿನ ಕಳೆದ ಮೇಲೆ ಹೊಟ್ಟೆನೋವು, ಏದುಸಿರು, ಕಣ್ಣ ಮುಂದೆ ಬೆಳ್ಳಗೆ ಮಂಜು. ಹತ್ತು ಮಿಲಿ ಕಣ್ಣು ತೆಗೆಯಬಲ್ಲದು, ಮೂವತ್ತು ಮಿಲಿ ಜೀವ ತೆಗೆಯಬಲ್ಲದು. ಬೇಗ ಆಸ್ಪತ್ರೆ ಸೇರಿದರೆ ಉಳಿಸಬಹುದು. ಆ ಕಿಣ್ವವನ್ನು ತಡೆಯುವ ಮದ್ದು ವೈದ್ಯರ ಬಳಿ ಇದೆ.

1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಮತ್ತೆ ನೂರೈವತ್ತಕ್ಕೂ ಮೇಲ್ಪಟ್ಟು ಜನ ಹೋದರು. ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಕಾರ್ಖಾನೆಗೆಂದು ಬಂದ ಸ್ಪಿರಿಟ್ಟಿಗೆ ತೆರಿಗೆ ಕಡಿಮೆ, ಕುಡಿಯದಿರಲಿ ಎಂದು ಅದಕ್ಕೆ ಮೆಥನಾಲಿನಂಥ ವಿಷ ಬೆರೆಸಿರುತ್ತಾರೆ. ಅಗ್ಗವೆಂದು ಅದನ್ನೇ ಕದ್ದು ಮಾರುವವರಿದ್ದಾರೆ. ಬಡವನಿಗೆ ಸಿಕ್ಕ ಅಗ್ಗ ಇದು.

ನಮ್ಮ ಹುಡುಗನ ಕತೆ ಮುಗಿಸುತ್ತೇನೆ. ಇಷ್ಟೆಲ್ಲ ಅವನಿಗೆ ಹೇಳಲಿಲ್ಲ. ತಲೆ ಬಾಲದ ಲೆಕ್ಕ ಹೇಳಿದೆ, ಕೇಳಿ "ಓಹೋ" ಅಂದ. ಸಂಜೆ ಕೊಳವೆಬಾವಿಯ ಬಳಿ ಹೋದಾಗ ಅದೇ ಬಿಳಿ ಕ್ಯಾನನ್ನು ಮೂರು ಸಲ ತೊಳೆದು ನೀರು ತುಂಬುತ್ತಿದ್ದ. ನಾಳೆ ಆಳುಗಳಿಗೆ ಕುಡಿಯಲಂತೆ. ಡೆಕನಾಲ್ ನೀರಿನಲ್ಲಿ ಕರಗುವುದಿಲ್ಲ ಎಂದು ಬೆಳಿಗ್ಗೆ ತಾನೇ ಹೇಳಿದ್ದೆ. ಮೂರು ಸಲವಲ್ಲ, ಮೂವತ್ತು ಸಲ ಬರೀ ನೀರಿನಲ್ಲಿ ಕುಲುಕಿದರೂ ಅದು ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಕ್ಯಾನನ್ನು ಕೈಯಿಂದ ಕಿತ್ತುಕೊಂಡು ತೂತು ಹೊಡೆದೆ. ಐದು ಲೀಟರಿನ ಒಳ್ಳೆ ಕ್ಯಾನು ಹಾಳು ಮಾಡಿದರೆಂದು ಅವನ ಅವ್ವ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ನೀವೂ ಈ ಸೀಸನ್ನಿನಲ್ಲಿ ಕೆಲಸ ಮುಗಿದ ದಿನವೇ ನಿಮ್ಮ ಖಾಲಿ ಕ್ಯಾನಿಗೆ ಒಂದು ತೂತು ಹೊಡೆಯಿರಿ. ಉಳಿದ ಡೆಕನಾಲನ್ನೋ ಪಾಲಿಶ್ ಸ್ಪಿರಿಟ್ಟನ್ನೋ ನೀರಿನ ಬಾಟಲಿಗೆ, ಸೋಡಾ ಬಾಟಲಿಗೆ ಬಗ್ಗಿಸಿ ಇಡಬೇಡಿ. ಮನೆಯಲ್ಲಿ ಓದು ಬರುವ ಮಗುವಿದ್ದರೆ ಕ್ಯಾನಿನ ಮೇಲಿನ ಚೀಟಿಯನ್ನು ಒಂದು ಸಲ ಗಟ್ಟಿಯಾಗಿ ಓದಿಸಿ ಕೇಳಿ.